ಟವೆಲ್ ಕೂತಿದ್ದ ಸ್ಟೂಲು

ನಮ್ಮ ಕಟಿಂಗ್ ಅಂಗಡಿಯಲ್ಲಿ ಚಕ್ರವಿರುವ ಒಂದು ಸ್ಟೂಲಿದೆ. ಮೇಲೆ ಕೆಳಗೆ ಆಗುತ್ತದೆ, ಗಿರಕಿ ಹೊಡೆಯುತ್ತದೆ, ಗಿರಾಕಿಯ ಕುರ್ಚಿಯ ಸುತ್ತ ಬೇಕಾದ ಕಡೆಗೆ ಉರುಳುತ್ತದೆ. ಕೂತುಕೊಂಡೇ ಕತ್ತರಿ ಆಡಿಸಲಿ ಎಂದು ನನ್ನ ಗಂಡನಿಗಾಗಿ ನಾನೇ ಹುಡುಕಿ ತಂದದ್ದು. ತಂದ ದಿನ ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, "ಚೆನ್ನಾಗಿದೆ" ಎಂದು ಹೇಳಿ, ಒಗೆದ ಟವೆಲ್‌ಗಳ ಕಟ್ಟನ್ನು ಅದರ ಮೇಲಿಟ್ಟರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಟವೆಲ್‌ಗಳು ಕೂತಿರುತ್ತಿದ್ದವು, ಈ ಮಹಾರಾಯರು ನಿಂತಿರುತ್ತಿದ್ದರು.

"ಕೂತ್ಕೊಂಡು ಕತ್ತರಿ ಹಿಡಿದ್ರೆ ಗಿರಾಕಿ ಏನಂದ್ಕೋತಾನೆ?" ಎನ್ನುವುದು ಅವರ ವಾದ.

"ಗಿರಾಕಿ ಕಣ್ಣು ಮುಚ್ಕೊಂಡು ಗೊರಕೆ ಹೊಡೀತಿರ್ತಾನೆ ರೀ. ನೀವು ನಿಂತ್ರೇನು, ಕೂತ್ರೇನು, ತಲೆಕೆಳಗಾಗಿ ನೇತಾಡಿದ್ರೇನು?"

ಮಾತಿನಲ್ಲಿ ಸೋತಾಗಲೆಲ್ಲ ಅವರು ಗೋಡೆಯ ಮೇಲಿನ ಫೋಟೋ ಕಡೆ ನೋಡುತ್ತಾರೆ. ಅದು ನಮ್ಮ ಮಾವನವರದು. ಅಂಗಡಿ ಶುರು ಮಾಡಿದವರೇ ಅವರು. ನಾನು ಈ ಮನೆಗೆ ಬರುವ ಹೊತ್ತಿಗೆ ಅವರಿರಲಿಲ್ಲ. ಫೋಟೋದಲ್ಲೂ ಸೊಂಟದವರೆಗೆ ಮಾತ್ರ ಇದ್ದಾರೆ, ಕೈಯಲ್ಲಿ ಬಾಚಣಿಗೆ. "ಅಪ್ಪ ಒಂದು ದಿನಾನೂ ಗಿರಾಕಿ ಮುಂದೆ ಕೂತೋರಲ್ಲ" ಎಂದರೆ ಮುಗಿಯಿತು, ಮಾತಿಗೆ ಬೀಗ.

ಅಂಗಡಿಯಲ್ಲಿ ನಾನೂ ಕೆಲಸ ಮಾಡುತ್ತೇನೆ. ಹಿಂದಿನ ಬೇಸಿನ್ ನನ್ನದು. ತಲೆ ತೊಳೆಯುವುದು, ಬಣ್ಣ ಹಚ್ಚುವುದು, ಟವೆಲ್ ಒಗೆಯುವುದು, ಬಿದ್ದ ಕೂದಲು ಗುಡಿಸುವುದು. ಹಾಗಾಗಿ ಅವರ ಬೆನ್ನು ಮತ್ತು ಕಾಲು ದಿನವಿಡೀ ನನ್ನ ಕಣ್ಣೆದುರಿಗೇ ಇರುತ್ತಿದ್ದವು. ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದು ಅವರ ಅಭ್ಯಾಸ. ಸಂಜೆಯಾದರೆ ಆ ಕಾಲು ಚಪ್ಪಲಿಯಿಂದ ಉಕ್ಕುತ್ತಿತ್ತು. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಅದರ ಪಟ್ಟಿ ಚರ್ಮದಲ್ಲಿ ಹೂತು ಗೆರೆ ಬಿದ್ದಿರುತ್ತಿತ್ತು. ಮೀನಖಂಡದ ಮೇಲೆ ನರಗಳು ಹಸಿರು ಹಗ್ಗ ಸುತ್ತಿಟ್ಟಂತೆ ಗಂಟು ಗಂಟಾಗಿ ಎದ್ದಿದ್ದವು.

"ಡಾಕ್ಟರಿಗೆ ತೋರಿಸಿ" ಎಂದೆ.

"ನರ ಸ್ವಲ್ಪ ಉಬ್ಬಿದೆ, ಅಷ್ಟೇ. ನಿಂತು ದುಡಿಯೋರಿಗೆಲ್ಲ ಇರುತ್ತೆ."

"ಎಲ್ಲರಿಗೂ ಇದ್ರೆ ಎಲ್ಲರೂ ತೋರಿಸ್ತಾರೆ. ನೀವೂ ತೋರಿಸಿ."

"ನೋವಿಲ್ಲ ಅಂತ ಹೇಳಿದ್ನಲ್ಲ!"

ನೋವಿಲ್ಲವಂತೆ! ಮಧ್ಯಾಹ್ನ ಊಟ ಆದ ಮೇಲೆ ಕಾಲನ್ನು ಗೋಡೆಗೆ ಒತ್ತಿ ಹಲ್ಲು ಕಚ್ಚುತ್ತಿದ್ದವರು ಯಾರು? ಮೀನಖಂಡ ಹಿಡಿದುಕೊಂಡು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದವರು ಯಾರು? ಬಾಲವಿರುವ ಬಾಚಣಿಗೆಯನ್ನು ಸಾಕ್ಸ್ ಒಳಗೆ ತೂರಿಸಿ ಪರಪರ ಕೆರೆದುಕೊಂಡು, ಅದೇ ಬಾಚಣಿಗೆಯನ್ನು ಸೋಪು ನೀರಿಗೆ ಹಾಕಿ, ನಾನು ನೋಡಿಲ್ಲ ಎಂದುಕೊಳ್ಳುತ್ತಿದ್ದವರು ಯಾರು? ಕೇಳಿದರೆ ಸಿಡುಕು. ಕೇಳದಿದ್ದರೂ ಸಿಡುಕು. ಮೊದಲೆಲ್ಲ ಗಿರಾಕಿಯ ಕಿವಿಯಲ್ಲಿ ಊರಿನ ಸುದ್ದಿಯನ್ನೆಲ್ಲ ತುಂಬಿ ಕಳಿಸುತ್ತಿದ್ದ ಮನುಷ್ಯ ತುಟಿ ಪಿಟಕ್ ಎನ್ನದೆ ಕೆಲಸ ಮಾಡಿ, "ಆಯ್ತು, ಏಳಿ" ಎನ್ನುವುದನ್ನು ಕಲಿತರು.

ಒಂದು ಸಲ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಹೋದದ್ದು ಯಾರ ಕಾಲಿಗೆ? ಅವರ ಕಾಲಿಗೆ. ಒಳಗೆ ಕರೆದಾಗ ಈ ಮಹಾನುಭಾವರು ನನ್ನ ಹೆಗಲು ಹಿಡಿದು ಮುಂದೆ ತಳ್ಳಿ, "ಇವಳಿಗೆ ತುಂಬಾ ತಲೆ ಸುತ್ತುತ್ತೆ ಡಾಕ್ಟ್ರೇ, ಎಷ್ಟು ಹೇಳಿದ್ರೂ ತೋರಿಸ್ಕೊಳ್ಳಲ್ಲ" ಎಂದುಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಊದುತ್ತಿದ್ದರು. ಪಟ್ಟಿ ಬಿಚ್ಚಿ ತಿರುಗಿ ನೋಡಿದರೆ ಗಂಡ ಎಲ್ಲಿ? ಆಗಲೇ ಕಾಲಿಗೆ ಬುದ್ಧಿ ಹೇಳಿದ್ದರು. ನಾನು ಕಬ್ಬಿಣಾಂಶದ ಮಾತ್ರೆ ಹಿಡಿದುಕೊಂಡು ಮನೆಗೆ ಬಂದೆ. ಆ ದಿನ ನನ್ನ ರಕ್ತದೊತ್ತಡ ಸರಿಯಾಗಿತ್ತಂತೆ. ಮನೆಗೆ ಬಂದ ಮೇಲೆ ಅಳೆದಿದ್ದರೆ ಯಂತ್ರವೇ ಒಡೆಯುತ್ತಿತ್ತು.

ಅಲ್ಲಿಂದಾಚೆಗೆ ಆ ಕಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮನೆಯಲ್ಲೂ ಪ್ಯಾಂಟು, ಮಲಗುವಾಗಲೂ ಸಾಕ್ಸ್. ಸ್ನಾನದ ಮನೆಯ ಚಿಲಕ ಹಾಕಿಕೊಂಡರೆ ನೀರು ತಣ್ಣಗಾಗುವವರೆಗೆ ಹೊರಗೆ ಬರುತ್ತಿರಲಿಲ್ಲ. ಅಂಗಡಿಗೆ ರಜೆ ಇರುವ ದಿನ ನಾವಿಬ್ಬರೂ ಸೇತುವೆಯವರೆಗೆ ನಡೆದು ಹೋಗಿ, ಕಟ್ಟೆಯ ಮೇಲೆ ಕೂತು, ಓಡಾಡುವವರ ತಲೆಗಳನ್ನು ನೋಡಿ, "ಅದು ಯಾರು ಮಾಡಿದ ಕಟಿಂಗ್, ಪಾಪ" ಎಂದು ಆಡಿಕೊಂಡು ಬರುವುದಿತ್ತು. ವಾರಕ್ಕೊಂದು ಸಲ ನನಗೆ ಗಂಡ ಸಿಗುತ್ತಿದ್ದದ್ದು ಅಲ್ಲೇ. ಅದೂ ನಿಂತಿತು. ಒಂದು ವಾರ ಬಿಸಿಲು, ಇನ್ನೊಂದು ವಾರ ಗಾಳಿ, ಮತ್ತೊಂದು ವಾರ ಕತ್ತರಿಗೆ ಸಾಣೆ ಹಿಡಿಯಬೇಕು.

ಆಮೇಲೆ ಸೆಂಟು ಶುರುವಾಯಿತು.

ಜೀವಮಾನದಲ್ಲಿ ಸುಗಂಧ ಮುಟ್ಟದ ಮನುಷ್ಯ. ಗಿರಾಕಿಯ ಕೆನ್ನೆಗೆ ಲೋಷನ್ ಹಚ್ಚಿದರೆ ತನ್ನ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದವರು. ಈಗ ಪಕ್ಕದಲ್ಲಿ ಹಾದು ಹೋದರೆ ಮದುಮಗ ಹೋದ ಹಾಗೆ ಘಮಘಮ. ಶೇವಿಂಗ್ ಲೋಷನ್ ಬಾಟಲಿಗಳು ಗಿರಾಕಿಗಳಿಗಿಂತ ಜೋರಾಗಿ ಖಾಲಿಯಾಗುತ್ತಿದ್ದವು. ಅದರ ಬೆನ್ನಿಗೇ, "ನಿನ್ನ ಗೊರಕೆಗೆ ನಿದ್ದೆ ಬರಲ್ಲ" ಎಂದು ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆಗೆ ಹೋದರು. ನನ್ನ ಗೊರಕೆ! ಅವರ ಗೊರಕೆಗೆ ಕಿಟಕಿಯ ಗಾಜು ಅದುರುವಾಗ ನಾನು ಎಂದಾದರೂ ಹಾಸಿಗೆ ಎತ್ತಿದ್ದುಂಟೇ?

ಸೆಂಟು, ಸಿಡುಕು, ಬೇರೆ ಹಾಸಿಗೆ. ಈ ಮೂರನ್ನು ಕೂಡಿಸಿದರೆ ಯಾವ ಹೆಂಡತಿಗಾದರೂ ಏನು ಉತ್ತರ ಬರುತ್ತದೆ? ನನಗೂ ಅದೇ ಬಂತು. ಅಂಗಡಿಗೆ ಬರುವ ಹೆಂಗಸರನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬರುತ್ತಿದ್ದವರು ಮೊಮ್ಮಕ್ಕಳಿಗೆ ಕಟಿಂಗ್ ಮಾಡಿಸಲು ಬರುವ ಅಜ್ಜಿಯರು. ಒಂದು ದಿನ ತಡೆಯಲಾರದೆ ನೇರವಾಗಿ ಕೇಳಿಯೇ ಬಿಟ್ಟೆ.

"ಯಾರಿಗೋಸ್ಕರ ಇಷ್ಟೊಂದು ಸೆಂಟು ಹೊಡ್ಕೋತೀರಿ?"

ಅವರು ನನ್ನನ್ನು ನೋಡಿದರು. ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. "ನಿನಗೋಸ್ಕರಾನೇ" ಎಂದು ಹೇಳಿ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇದೆಂಥ ಮಾತು ಎಂದು ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ಮೇಷ್ಟ್ರ ಪ್ರಸಂಗ ನಡೆಯಿತು.

ಮೇಷ್ಟ್ರು ಎಂದರೆ ನಮ್ಮ ಹಳೇ ಗಿರಾಕಿ, ನಿವೃತ್ತರು. ಶೇವಿಂಗ್‌ಗೆ ನನ್ನ ಗಂಡನ ಕೈಯನ್ನು ಬಿಟ್ಟು ಇನ್ಯಾರಿಗೂ ಕೆನ್ನೆ ಕೊಡದವರು. ಅದಕ್ಕೊಂದು ಕಾರಣವೂ ಇದೆ. ಇಷ್ಟು ವರ್ಷಗಳಲ್ಲಿ ನನ್ನ ಗಂಡ ಒಬ್ಬ ಗಿರಾಕಿಯ ಮುಖದಿಂದಲೂ ಒಂದು ಹನಿ ರಕ್ತ ತೆಗೆದಿಲ್ಲ. ಅದು ಅವರ ಹೆಮ್ಮೆ. ರಕ್ತ ನಿಲ್ಲಿಸುವ ಪಟಿಕದ ಕಲ್ಲು ಕನ್ನಡಿಯ ಮುಂದೆ ಸುಮ್ಮನೆ ಕೂತಿರುತ್ತದೆ. "ಇದನ್ನ ಇಟ್ಟಿರೋದು ಶೋಕಿಗೆ" ಎಂದು ಹೊಸಬರಿಗೆ ತೋರಿಸುತ್ತಾರೆ.

ಅವತ್ತು ಬೆಳಿಗ್ಗೆ ಮೇಷ್ಟ್ರ ಒಂದು ಕೆನ್ನೆ ಮುಗಿದಿತ್ತು. ಇನ್ನೊಂದರ ಮೇಲೆ ನೊರೆ ಇತ್ತು. ಬೆಳಕಿಗೆಂದು ನನ್ನ ಗಂಡ ಕುರ್ಚಿಯನ್ನು ತಿರುಗಿಸಿದರು. ಕಾಲಿಡುವ ಕಬ್ಬಿಣದ ಪಟ್ಟಿಯ ಮೂಲೆ ಅವರ ಎಡಗಾಲಿಗೆ ತಾಗಿರಬೇಕು. ಟಕ್ ಎಂದಷ್ಟೇ ಕೇಳಿಸಿತು. ನಾನು ಬೇಸಿನ್‌ನಲ್ಲಿ ಬ್ರಷ್ ತೊಳೆಯುತ್ತಿದ್ದೆ.

ಸ್ವಲ್ಪ ಹೊತ್ತಿನಲ್ಲೇ ಮೇಷ್ಟ್ರು ಕಿಟಾರನೆ ಕಿರುಚಿದರು. "ರಕ್ತ! ರಕ್ತ! ಅಯ್ಯೋ ನನ್ನ ಕಿವಿ!"

ತಿರುಗಿ ನೋಡಿದೆ. ಮೇಷ್ಟ್ರು ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದುಕೊಂಡು, ನೆಲ ನೋಡುತ್ತಿದ್ದರು. ಬಿಳಿ ಟೈಲ್ಸ್ ಮೇಲೆ, ಬಿದ್ದ ಕೂದಲಿನ ನಡುವೆ, ಅಂಗೈಯಗಲ ರಕ್ತ ನಿಂತಿತ್ತು. ನನ್ನ ಗಂಡನ ಮುಖ ಸುಣ್ಣದ ಹಾಗಾಗಿತ್ತು.

"ಎಲ್ಲಿ ತಾಗ್ತು ಮೇಷ್ಟ್ರೇ? ಕೈ ತೆಗೀರಿ, ಎಲ್ಲಿ ತಾಗ್ತು?"

"ನನಗೇನ್ರೀ ಗೊತ್ತು! ಕತ್ತಿ ನಿಮ್ಮ ಕೈಯಲ್ಲಿದೆ!"

ಅವರು ಪಟಿಕದ ಕಲ್ಲನ್ನು ಎತ್ತಿಕೊಂಡರು. ಮೇಷ್ಟ್ರ ಬಲಗಿವಿಗೆ ಉಜ್ಜಿದರು, ಎಡಗಿವಿಗೆ ಉಜ್ಜಿದರು, ಗದ್ದಕ್ಕೆ, ಕುತ್ತಿಗೆಗೆ, ಮೂಗಿನ ಕೆಳಗೆ, ಸಿಕ್ಕಸಿಕ್ಕಲ್ಲೆಲ್ಲ ಉಜ್ಜಿದರು. ಗಾಯ ಹುಡುಕುತ್ತ ಕುರ್ಚಿಯ ಸುತ್ತ ಒಂದು ಸುತ್ತು ಬಂದರು. "ನನ್ನ ಕೈ ಹೋಯ್ತು, ನನ್ನ ಕೈ ಹೋಯ್ತು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಆಗ ನಾನು ನೆಲ ನೋಡಿದೆ. ರಕ್ತ ಕುರ್ಚಿಯ ಕೆಳಗೆ ನಿಂತಿರಲಿಲ್ಲ. ಅವರ ಜೊತೆ ಕುರ್ಚಿಯ ಸುತ್ತ ನಡೆಯುತ್ತಿತ್ತು. ಎಡಗಾಲಿನ ಹೆಜ್ಜೆ, ಎಡಗಾಲಿನ ಹೆಜ್ಜೆ, ಮತ್ತೆ ಎಡಗಾಲಿನ ಹೆಜ್ಜೆ.

"ರೀ, ನಿಮ್ಮ ಕಾಲು!"

ಅವರು ಕೇಳಿಸಿಕೊಳ್ಳಲೇ ಇಲ್ಲ. "ಸುಮ್ನಿರೇ, ಮೇಷ್ಟ್ರಿಗೆ ಎಲ್ಲೋ ತಾಗಿದೆ!"

ಓಡಿ ಹೋಗಿ ಪ್ಯಾಂಟನ್ನು ಮೇಲಕ್ಕೆ ಎಳೆದೆ. ಸಾಕ್ಸ್ ಒದ್ದೆಯಾಗಿ ಕಪ್ಪಾಗಿತ್ತು. ಅದನ್ನೂ ಅದರಡಿ ಸುತ್ತಿದ್ದ ಒದ್ದೆ ಪಟ್ಟಿಯನ್ನೂ ಜಾರಿಸಿದ ಕೂಡಲೇ ಪಾದದ ಗಂಟಿನ ಹತ್ತಿರದಿಂದ ರಕ್ತ ದಾರದಂತೆ ಚಿಮ್ಮಿ ನನ್ನ ಕೆನ್ನೆಗೆ ಹಾರಿತು. ಒಂದು ಸಣ್ಣ ತೂತಿನಿಂದ ಅಷ್ಟೊಂದು ರಕ್ತ, ಅದೂ ಮನುಷ್ಯನಿಗೆ ಗೊತ್ತೇ ಆಗದ ಹಾಗೆ!

ಕಿವಿಗಳು ಜಾಗದಲ್ಲೇ ಇವೆ ಎಂದು ಖಾತ್ರಿಯಾದ ಮೇಷ್ಟ್ರಿಗೆ ಮೇಷ್ಟ್ರತನ ವಾಪಸ್ಸು ಬಂತು. ಅರ್ಧ ಮುಖದ ನೊರೆಯಲ್ಲೇ ಎದ್ದು ನಿಂತು, ತರಗತಿಯಲ್ಲಿ ಕೂಗುವ ದನಿಯಲ್ಲಿ ಕೂಗಿದರು. "ಮಲಗಿಸಮ್ಮ! ಮೊದಲು ಮಲಗಿಸು! ಕಾಲು ಮೇಲೆ! ಗಾಯ ಅದುಮಿ ಹಿಡಿ!"

ಮಲಗಿಸಿದೆ. ಕಾಲನ್ನು ಯಾವುದರ ಮೇಲೆ ಇಡುವುದು? ಕೈಗೆ ಸಿಕ್ಕಿದ್ದು ಸ್ಟೂಲು. ಟವೆಲ್‌ಗಳನ್ನು ಎಳೆದು ಗಾಯಕ್ಕೆ ಒತ್ತಿ, ಕಾಲನ್ನು ಸ್ಟೂಲಿನ ಮೇಲೆ ಏರಿಸಿದೆ. ಅಂತೂ ಇಂತೂ ನನ್ನ ಗಂಡನ ದೇಹದ ಒಂದು ಭಾಗವಾದರೂ ಆ ಸ್ಟೂಲಿನ ಮೇಲೆ ಕೂತಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಅಳುತ್ತಿದ್ದೆ. ಅದುಮಿ ಹಿಡಿದ ಕೈ ಮಾತ್ರ ಸಡಿಲ ಬಿಡಲಿಲ್ಲ.

ಈ ಪುಣ್ಯಾತ್ಮರು ನೆಲದ ಮೇಲೆ ಮಲಗಿಕೊಂಡು ಕೇಳಿದ್ದೇನು? "ಮೇಷ್ಟ್ರಿಗೆ ತಾಗಿಲ್ವಾ?"

"ಇಲ್ಲ!"

"ಒಂದು ಹನಿನೂ?"

"ಇಲ್ಲ ಅಂದ್ನಲ್ಲ! ಎಲ್ಲಾ ನಿಮ್ಮದೇ!"

"ಸದ್ಯ" ಎಂದು ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ, ಆಂಬ್ಯುಲೆನ್ಸ್ ಬರುವ ಮೊದಲು ನಾನೇ ಕೊಂದುಬಿಡೋಣ ಅನ್ನಿಸಿತು.

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದ ಮೇಲೆ ನರ್ಸಮ್ಮ ಕಾಲಿನ ಉಳಿದ ಸುತ್ತುಗಳನ್ನು ಬಿಚ್ಚಲು ಬಂದರು. ಉಳಿದ ಸುತ್ತು ಎಂದರೆ ಗಿರಾಕಿಗಳ ಕುತ್ತಿಗೆಗೆ ಸುತ್ತುವ ಪಟ್ಟಿಗಳು. ಮಂಡಿಯ ಕೆಳಗೆ ಒಂದು ಎಲಾಸ್ಟಿಕ್ ಬಿಗಿದು, ಅದರ ಕೆಳಗೆ ಒಂದರ ಮೇಲೊಂದು ಸುತ್ತಿದ್ದರು. ಅಂಗಡಿಯಲ್ಲಿ ಪಟ್ಟಿ ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದು ನಾನು ತಲೆ ಕೆಡಿಸಿಕೊಂಡದ್ದಕ್ಕೆ ಉತ್ತರ ಅಲ್ಲಿತ್ತು.

"ನೀನು ಹೊರಗೆ ನಿಂತ್ಕೋ" ಎಂದರು ನನಗೆ.

"ಯಾಕೆ?"

"ವಾಸನೆ ಬರುತ್ತೆ. ಹೋಗು ಅಂದ್ನಲ್ಲ."

"ಊರಿನವರ ತಲೆಯೆಲ್ಲ ತೊಳೆದಿರೋ ಕೈ ಇದು. ನನಗೆ ವಾಸನೆ ಹೇಳಿಕೊಡೋಕೆ ಬರ್ತೀರಾ? ಬಿಚ್ಚಿ ನರ್ಸಮ್ಮ."

ಬಿಚ್ಚಿದರು. ಪಾದದ ಗಂಟಿನ ಮೇಲ್ಗಡೆ ಚರ್ಮ ಕಂದು ಬಣ್ಣಕ್ಕೆ ತಿರುಗಿ ಮರದ ತೊಗಟೆಯಂತಾಗಿತ್ತು. ಅದರ ನಡುವೆ ಒಂದು ಹಸಿ ಹುಣ್ಣು. ಆದರೆ ಸುತ್ತಲಿನ ಜಾಗವನ್ನು ನೋಡಬೇಕಿತ್ತು. ಒಂದೇ ಒಂದು ಕೂದಲಿಲ್ಲದ ಹಾಗೆ ನೀಟಾಗಿ ಶೇವ್ ಮಾಡಿದ್ದರು. ಮದುಮಗನ ಕೆನ್ನೆಯ ಹಾಗಿತ್ತು. ಮೇಲೆ ಪೌಡರು, ಪೌಡರಿನ ಮೇಲೆ ಶೇವಿಂಗ್ ಲೋಷನ್. ಮುಖಕ್ಕೆ ಮಾಡುವುದನ್ನೆಲ್ಲ ಈ ಮನುಷ್ಯ ಹುಣ್ಣಿಗೆ ಮಾಡಿದ್ದರು. ಆ ಘಮಘಮದ ಅಡಿಯಲ್ಲಿ ಕೊಳೆತ ವಾಸನೆ ಇತ್ತು. ನನಗೋಸ್ಕರ ಹಚ್ಚಿಕೊಂಡ ಸೆಂಟು ಇದೇ.

ಡಾಕ್ಟರಮ್ಮ ಬಂದು ನೋಡಿ, ನಾನು ಹೇಳಬೇಕೆಂದಿದ್ದದ್ದನ್ನೆಲ್ಲ ತಾವೇ ಹೇಳಿದರು. "ಲೋಷನ್ನಾ? ತೆರೆದ ಹುಣ್ಣಿಗೆ ಲೋಷನ್ ಹಚ್ಚಿದ್ರಾ? ಉರೀಲಿಲ್ವಾ ನಿಮಗೆ?"

"ಉರೀತಿತ್ತು" ಎಂದರು ಇವರು, ಮೇಲ್ಚಾವಣಿ ನೋಡುತ್ತ.

"ಕಾಲಿಂದ ಮೇಲಕ್ಕೆ ಹೋಗಬೇಕಾದ ರಕ್ತ ಹೋಗ್ತಾ ಇಲ್ಲ. ರಕ್ತನಾಳದೊಳಗೆ ಸಣ್ಣ ಸಣ್ಣ ಬಾಗಿಲು ಇರ್ತವೆ, ಅವು ಕೆಟ್ಟಿವೆ. ರಕ್ತ ಕೆಳಗೇ ನಿಂತು ಚರ್ಮ ಸಾಯ್ತಿದೆ. ಅದರ ಮೇಲೆ ಮಂಡಿ ಹತ್ತಿರ ಬೇರೆ ಬಿಗಿದು ಕಟ್ಟಿದ್ದೀರಿ! ಊತ ಬಂದಾಗಲೇ ಬಂದಿದ್ರೆ ಸಣ್ಣ ಚಿಕಿತ್ಸೆ, ಅದೇ ದಿನ ಮನೆಗೆ ಹೋಗ್ತಿದ್ರಿ. ಇನ್ನೂ ಹೀಗೇ ಬಿಟ್ಟಿದ್ರೆ ನಂಜು ಒಳಗಿಳಿದು ಕಾಲಿಗೇ ಕುತ್ತು ಬರ್ತಿತ್ತು. ಈಗ ಹುಣ್ಣು ಒಣಗಬೇಕು, ಕೆಟ್ಟ ನಾಳ ಮುಚ್ಚಬೇಕು, ದಿನಾ ಬಿಗಿ ಸಾಕ್ಸ್ ಹಾಕಬೇಕು. ನಡೀಬೇಕು. ಕೆಲಸ ಕೂತ್ಕೊಂಡು ಮಾಡ್ಬೇಕು. ಯಾಕ್ರೀ ಮುಚ್ಚಿಟ್ರಿ ಇಷ್ಟು ದಿನ?"

ಇವರು ಹೊದಿಕೆ ಎಳೆದು ಕಾಲು ಮುಚ್ಚಿಕೊಳ್ಳಲು ನೋಡಿದರು. ಡಾಕ್ಟರಮ್ಮ ಹೋದ ಮೇಲೆ ನಾನು ಹಿಡಿದೆ. "ಅವರಿಗೆ ಹೇಳ್ಬೇಡಿ. ನನಗೆ ಹೇಳಿ. ಯಾಕೆ?"

ಕೊನೆಗೂ ಹೇಳಿದರು.

"ಅಪ್ಪನಿಗೂ ಇದೇ ಕಾಲು. ಕೊನೆಕೊನೆಗೆ ಅಂಗಡಿಗೆ ಬಂದೋರು ಮೂಗು ಮುಚ್ಕೊಂಡು ಬಾಗಿಲಲ್ಲೇ ತಿರುಗಿ ಹೋಗೋರು. ಮನೇಲಿ ಅವರ ಪಕ್ಕ ನಾನು ಮಲಗ್ತಿದ್ದೆ, ಚಿಕ್ಕೋನು. ವಾಸನೆ ತಡೆಯೋಕಾಗದೆ ಒಂದಿನ ನನ್ನ ಹಾಸಿಗೆನ ಆ ಕಡೆ ಎಳ್ಕೊಂಡೆ. ಅವರಿಗೆ ನಿದ್ದೆ ಬಂದಿದೆ ಅಂದ್ಕೊಂಡಿದ್ದೆ. ಬಂದಿರಲಿಲ್ಲ. ನನ್ನನ್ನೇ ನೋಡ್ತಾ ಇದ್ರು." ನನ್ನ ಕಡೆ ತಿರುಗಿ, "ನೀನು ಹಾಸಿಗೆ ಎಳ್ಕೊಳ್ಳೋದನ್ನ ನಾನು ನೋಡೋಕಾಗ್ತಿರಲಿಲ್ಲ ಕಣೇ. ಅದಕ್ಕೆ ನಾನೇ ಮೊದ್ಲು ಎಳ್ಕೊಂಡೆ" ಎಂದರು.

ನನಗೆ ಮರುಕದ ಜೊತೆಗೇ ಕೋಪವೂ ಉಕ್ಕಿತು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಮೇಲೆ ನನ್ನ ಬಗ್ಗೆ ಇವರಿಗೆ ಇದ್ದ ನಂಬಿಕೆ ಇಷ್ಟೇ ಏನು? ನಾನು ಎಳೆದುಕೊಳ್ಳುತ್ತೇನೆ ಎಂದು ನನ್ನನ್ನು ಕೇಳದೆಯೇ ತೀರ್ಮಾನ ಮಾಡಿ, ನನ್ನ ಗೊರಕೆಯ ಮೇಲೆ ಗೂಬೆ ಕೂರಿಸಿ, ಒಬ್ಬರೇ ಹಲ್ಲು ಕಚ್ಚಿಕೊಂಡು ಹುಣ್ಣಿಗೆ ಲೋಷನ್ ಸುರಿದುಕೊಂಡರಲ್ಲ!

ಮನೆಗೆ ಕಳಿಸುವ ದಿನ ಮೇಷ್ಟ್ರು ಅಂಗಡಿಯ ಬೀಗದ ಕೈ ಹಿಡಿದುಕೊಂಡು ಬಂದರು. ರಕ್ತ ಹರಿದ ಆ ಬೆಳಿಗ್ಗೆ ನೆಲವನ್ನೆಲ್ಲ ತೊಳೆದು ಬೀಗ ಹಾಕಿದ್ದು ಅವರೇ. ಒಂದು ಕೆನ್ನೆಯಲ್ಲಿ ಕುರುಚಲು, ಇನ್ನೊಂದರಲ್ಲಿ ಪೊಗದಸ್ತಾದ ಗಡ್ಡ. ಬೇರೆ ಅಂಗಡಿಯಲ್ಲಿ ಮುಗಿಸಿಕೊಳ್ಳಬಾರದೇ ಎಂದು ಕೇಳಿದೆ.

"ಈ ಕೆನ್ನೆ ಇವನದ್ದೇ ಕಣಮ್ಮ. ಆದ್ರೆ ಕೂತ್ಕೊಂಡು ಮಾಡಿದ್ರೆ ಮಾತ್ರ. ಸ್ಟೂಲು ತೊಳೆದಿಟ್ಟಿದ್ದೀನಿ. ಮತ್ತೆ ಅದರ ಮೇಲೆ ಟವೆಲ್ ಕಂಡ್ರೆ ನಾನು ಬೇರೆ ಅಂಗಡಿ ನೋಡ್ಕೋತೀನಿ" ಎಂದು ನನ್ನ ಗಂಡನ ಕಡೆ ಬೆರಳು ಆಡಿಸಿದರು.

ಇವರು ಅಭ್ಯಾಸಬಲದಿಂದ ಗೋಡೆಯ ಕಡೆ ನೋಡಿದರು. ಅಲ್ಲಿ ಫೋಟೋ ಇರಲಿಲ್ಲ, ಆಸ್ಪತ್ರೆಯ ಗಡಿಯಾರ ಇತ್ತು. "ಆಯ್ತು ಮೇಷ್ಟ್ರೇ" ಎಂದರು.

ಮಧ್ಯಾಹ್ನ ಮನೆಗೆ ಬಂದೆವು. ಬಂದವರೇ ಕುಂಟುತ್ತ ನೇರವಾಗಿ ಮುಂದಿನ ಕೋಣೆಗೆ ಹೊರಟರು. ನಾನು ಅವರಿಗಿಂತ ಮೊದಲು ಹೋಗಿ ಹಾಸಿಗೆಯ ತುದಿ ಹಿಡಿದು ದರದರ ಒಳಗೆ ಎಳೆದುಕೊಂಡು ಬಂದು ನನ್ನ ಹಾಸಿಗೆಯ ಪಕ್ಕ ಹಾಕಿದೆ.

"ಇನ್ನೂ ಪೂರ್ತಿ ವಾಸಿ ಆಗಿಲ್ಲ ಕಣೇ" ಎಂದರು ಬಾಗಿಲಲ್ಲೇ ನಿಂತು.

"ನಿಲ್ಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ. ಬಂದು ಮಲಗಿ."

ಮಲಗಿದರು. ಕಾಲು ಎದೆಗಿಂತ ಮೇಲಿರಬೇಕಂತೆ. ಅವರ ದಿಂಬು ಸಾಲಲಿಲ್ಲ, ನನ್ನದನ್ನೂ ಕೊಟ್ಟೆ. ಅದು ಎತ್ತರ ಹೆಚ್ಚಾಯಿತು ಎಂದರು, ಇಳಿಸಿದೆ. ಕಡಿಮೆಯಾಯಿತು ಎಂದರು, ಏರಿಸಿದೆ. ಪಟ್ಟಿ ಬಿಗಿಯಾಗಿದೆ, ಕಿಟಕಿಯಿಂದ ಬೆಳಕು ಬರುತ್ತಿದೆ, ನೊಣ ಕೂತಿದೆ ಎಂದರು. ತಲೆ ಚಿಟ್ಟು ಹಿಡಿಸಿಬಿಟ್ಟರು. ಕೊನೆಗೆ ನಾನು ದಿಂಬಿಲ್ಲದೆ ಪಕ್ಕದಲ್ಲಿ ಉರುಳಿಕೊಂಡೆ. ಔಷಧದ ವಾಸನೆ ಇತ್ತು. ಅದರ ಅಡಿಯಲ್ಲಿ ಹುಣ್ಣಿನ ವಾಸನೆಯೂ ಇನ್ನೂ ಸ್ವಲ್ಪ ಇತ್ತು. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅವರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಗೊರಕೆ ಇರಲಿಲ್ಲ. ರೆಪ್ಪೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು.

ನೋಡಲಿ ಎಂದೇ ನಾನು ಎದ್ದು ಕೂತು, ನನ್ನ ಹಾಸಿಗೆಯನ್ನು ಇನ್ನೂ ಒಂದು ಗೇಣು ಅವರ ಹತ್ತಿರಕ್ಕೆ ಎಳೆದುಕೊಂಡೆ.